ಕರೆದರೆ ನಾಯಿ ಬರಬೇಕೇ? ಬಂದದ್ದಕ್ಕೆ ಅದಕ್ಕೂ ಲಾಭವಿರಲಿ

“ಮನೆಯೊಳಗೆ ಕರೆದರೆ ಬಾಲ ಅಲ್ಲಾಡಿಸಿಕೊಂಡು ಬರುತ್ತದೆ. ಗೇಟು ದಾಟಿತೋ, ನಾನು ಯಾರೋ ಅದು ಯಾರೋ.” ನಾಯಿ ಸಾಕಿದವರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಲ್ಯಾಬ್ರಡಾರ್ ಇರುವವರೂ ಕೇಳುತ್ತಾರೆ, ಬೀದಿಯಿಂದ ಮರಿ ತಂದು ಸಾಕಿದವರೂ ಕೇಳುತ್ತಾರೆ, ಮುಧೋಳ ನಾಯಿ ಸಾಕಿದವರಂತೂ ಕೈಚೆಲ್ಲಿ ಕೂತು ಕೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ತುಂಡು ಉತ್ತರ ಕೊಡುವುದಕ್ಕಿಂತ ಇಡೀ ಕ್ರಮವನ್ನು ಒಂದೇ ಕಡೆ ಬರೆದಿಡುವುದು ಮೇಲು ಅನ್ನಿಸಿತು. ನೆಂಟರೆದುರು ತೋರಿಸುವ ವಿದ್ಯೆಯಲ್ಲ ಇದು. ಗೇಟು ತೆರೆದಿದ್ದ ಹೊತ್ತಿನಲ್ಲಿ ರಸ್ತೆಗೆ ನುಗ್ಗಿದ ನಾಯಿಯನ್ನು ಉಳಿಸುವುದು ಈ ಒಂದು ಕರೆ.

ಇದು ಹೇಗೆ ಕೆಲಸ ಮಾಡುತ್ತದೆ

ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಹಸಿದ ಬೆಕ್ಕನ್ನು ಮರದ ಪೆಟ್ಟಿಗೆಯೊಳಗೆ ಬಿಟ್ಟು, ಹೊರಗೆ ಕಾಣುವಂತೆ ಆಹಾರ ಇಡುತ್ತಿದ್ದರು. ಒಳಗಿದ್ದ ದಾರವನ್ನೋ ಅಗುಳಿಯನ್ನೋ ಎಳೆದರೆ ಬಾಗಿಲು ತೆರೆಯುತ್ತಿತ್ತು. ಮೊದಮೊದಲು ಬೆಕ್ಕು ಪರಚಿತು, ಕಚ್ಚಿತು, ಕೂಗಿತು. ಹೀಗೆ ಪರದಾಡುವಾಗ ಅಕಸ್ಮಾತ್ತಾಗಿ ಅಗುಳಿ ಸರಿಯಿತು. ಮತ್ತೆ ಮತ್ತೆ ಒಳಗೆ ಬಿಟ್ಟಾಗ ವ್ಯರ್ಥ ಪರಚಾಟ ಕರಗುತ್ತಾ ಹೋಗಿ, ಬಾಗಿಲು ತೆರೆಸಿದ ಚಲನೆಯೊಂದೇ ಉಳಿಯಿತು. ಒಳ್ಳೆಯ ಫಲ ತಂದ ನಡೆ ಗಟ್ಟಿಯಾಗುತ್ತದೆ, ಫಲ ತರದ್ದು ಸವೆಯುತ್ತದೆ ಎಂಬ ಈ ಮಾತಿಗೆ ‘ಪರಿಣಾಮದ ನಿಯಮ’ ಎಂದು ಹೆಸರು. ಮುಂದೆ ಅದೇ ದೇಶದ ಇನ್ನೊಬ್ಬ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಇದನ್ನು ಇಲಿ, ಪಾರಿವಾಳಗಳ ಮೇಲೆ ವರ್ಷಗಟ್ಟಲೆ ಅಳೆದು ನೋಡಿದರು. ಒಂದು ನಡೆಯ ಹಿಂದೆಯೇ ಬಂದು, ಆ ನಡೆ ಇನ್ನೊಮ್ಮೆ ಆಗುವ ಸಾಧ್ಯತೆಯನ್ನು ಹೆಚ್ಚಿಸುವ ಯಾವುದೇ ಫಲಕ್ಕೆ ‘ಪುನರ್ಬಲನ’ ಎನ್ನುತ್ತಾರೆ. ಬಿ.ಎಡ್. ಓದಿದವರಿಗೆ ಈ ಪದ ನೆನಪಿರುತ್ತದೆ.

ಇಲ್ಲಿ ಎರಡು ವಿಷಯ ಮನಸ್ಸಿನಲ್ಲಿರಲಿ. ಒಂದು, ಯಾವುದು ಬಹುಮಾನ ಎಂದು ತೀರ್ಮಾನಿಸುವುದು ನಾಯಿ, ನೀವಲ್ಲ. ನೀವು ತಲೆ ಸವರುವುದು ನಿಮಗೆ ಪ್ರೀತಿ. ಓಡಾಡುವ ಹುರುಪಿನಲ್ಲಿರುವ ನಾಯಿಗೆ ಅದು ಕಿರಿಕಿರಿಯೂ ಆಗಿರಬಹುದು. ಬಹುಮಾನ ಕೊಟ್ಟ ಮೇಲೂ ನಡೆ ಹೆಚ್ಚಾಗಲಿಲ್ಲವೆಂದರೆ ಅದು ಬಹುಮಾನವಾಗಿರಲಿಲ್ಲ ಎಂದೇ ಅರ್ಥ. ಎರಡು, ‘ಋಣಾತ್ಮಕ ಪುನರ್ಬಲನ’ ಎಂದರೆ ಶಿಕ್ಷೆ ಎಂದು ಬಹಳ ಜನ ತಿಳಿದಿದ್ದಾರೆ, ಅದಲ್ಲ. ಬೇಡದ್ದೊಂದು ತೊಲಗಿದ್ದರಿಂದ ನಡೆ ಗಟ್ಟಿಯಾಗುವುದು ಅದು. ಕೊರಿಯರ್ ಹುಡುಗ ಗೇಟಿಗೆ ಬಂದ, ನಾಯಿ ಬೊಗಳಿತು, ಆತ ಪೊಟ್ಟಣ ಕೊಟ್ಟು ಹೋದ. ನಾಯಿಯ ಲೆಕ್ಕದಲ್ಲಿ ಬೊಗಳಿದ್ದಕ್ಕೇ ಆತ ಹೋದದ್ದು. ದಿನಾ ಹೀಗಾದರೆ ಬೊಗಳಾಟ ಏರುತ್ತಲೇ ಹೋಗುತ್ತದೆ. ನೀವು ಏನೂ ಕಲಿಸುತ್ತಿಲ್ಲ ಅಂದುಕೊಂಡಿರುವಾಗಲೂ ನಾಯಿ ಕಲಿಯುತ್ತಿರುತ್ತದೆ.

ಹೊರಗೆ ಹೋದಾಗ ನಿಮ್ಮ ಕರೆ ಯಾಕೆ ಸೋಲುತ್ತದೆ ಎಂಬುದಕ್ಕೂ ಉತ್ತರ ಇದರಲ್ಲೇ ಇದೆ. ನೀವು “ಬಾ” ಎಂದು ಕರೆಯುವುದು ಯಾವಾಗ? ಆಟ ಮುಗಿಸಬೇಕಾದಾಗ, ಸ್ನಾನ ಮಾಡಿಸಬೇಕಾದಾಗ, ಚೈನ್ ಹಾಕಬೇಕಾದಾಗ, ಮೈಗೆ ಕಚ್ಚಿದ ಉಣ್ಣಿ ಕೀಳಬೇಕಾದಾಗ. ಬಂದರೆ ನಷ್ಟ ಎಂದು ನೀವೇ ನೂರು ಸಲ ಪಾಠ ಮಾಡಿರುತ್ತೀರಿ. ಅದು ಹಟಮಾರಿಯಲ್ಲ, ಕಲಿಸಿದ್ದನ್ನು ಚೆನ್ನಾಗಿ ಕಲಿತಿದೆ.

ಏನೇನು ಬೇಕು

ತಿನ್ನಲು ಕೊಡುವ ತುಣುಕುಗಳು ಕಡಲೆಕಾಳಿನ ಗಾತ್ರ ಮೀರಬಾರದು. ಅಗಿಯುತ್ತಾ ಕೂರುವಷ್ಟು ದೊಡ್ಡದಾದರೆ ಪಾಠದ ಓಟ ತಪ್ಪುತ್ತದೆ. ಉಪ್ಪು, ಮಸಾಲೆ ಇಲ್ಲದೆ ಬೇಯಿಸಿದ ಕೋಳಿ, ಮೊಟ್ಟೆ, ಈಲಿ ಎಲ್ಲ ಆದೀತು. ಮಾಂಸ ತರದ ಮನೆಯಾದರೆ ಪನೀರ್, ಬೇಯಿಸಿದ ಗೆಣಸು, ಕ್ಯಾರೆಟ್. ಎರಡು ಮೂರು ಬಗೆ ಇಟ್ಟುಕೊಂಡು, ನಿಮ್ಮ ನಾಯಿ ಯಾವುದಕ್ಕೆ ಪ್ರಾಣ ಬಿಡುತ್ತದೆ ಎಂದು ಮೊದಲೇ ನೋಡಿಕೊಳ್ಳಿ. ಆ ಅತಿ ಪ್ರೀತಿಯ ತಿಂಡಿ ಇನ್ನುಮುಂದೆ ಈ ಕರೆಗೆ ಮಾತ್ರ ಮೀಸಲು.

ಎಚ್ಚರಿಕೆ: ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಸಕ್ಕರೆಯ ಬದಲು ಜೈಲಿಟಾಲ್ ಹಾಕಿದ ಚೂಯಿಂಗ್ ಗಮ್‌ನಂಥವು ಸ್ವಲ್ಪವೇ ಆದರೂ ಅಪಾಯ. ಈರುಳ್ಳಿ ಹಾಕಿ ಬೇಯಿಸಿದ ಸಾರಿನೊಳಗಿನ ಮಾಂಸವನ್ನು ತೊಳೆದು ಕೊಡುತ್ತೇವೆ ಎನ್ನುವವರಿದ್ದಾರೆ, ಅದೂ ಬೇಡ. ತುಣುಕುಗಳು ದಿನದ ಒಟ್ಟು ಆಹಾರದಲ್ಲಿ ಹತ್ತನೇ ಒಂದು ಪಾಲು ದಾಟಬಾರದು ಎಂಬುದು ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ. ಕೊಟ್ಟಷ್ಟನ್ನು ಊಟದಲ್ಲಿ ಕಡಿಮೆ ಮಾಡಿ. ಸಕ್ಕರೆ ಕಾಯಿಲೆ, ಮೇದೋಜೀರಕದ ತೊಂದರೆ ಇರುವ ನಾಯಿಯಾದರೆ ಮೊದಲು ವೈದ್ಯರನ್ನು ಕೇಳಿ.

ಎದೆಗೆ ಕಟ್ಟುವ ಹಾರ್ನೆಸ್ ಒಂದು, ಎಂಟು ಹತ್ತು ಮೀಟರ್ ಉದ್ದದ ಗಟ್ಟಿ ಹಗ್ಗ ಒಂದು. ಉದ್ದ ಹಗ್ಗವನ್ನು ಕುತ್ತಿಗೆಯ ಬೆಲ್ಟ್‌ಗೆ ಎಂದೂ ಕಟ್ಟಬೇಡಿ. ಓಡುವ ನಾಯಿ ಹಗ್ಗದ ತುದಿಗೆ ಬಂದು ನಿಂತ ಏಟು ಪೂರ್ತಿ ಕುತ್ತಿಗೆಗೇ ಬೀಳುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೂ ಬಾರದು, ಬೆರಳು ಹೋದೀತು. ನೈಲಾನ್ ಹಗ್ಗವಾದರೆ ಕೈಗವಸು ಹಾಕಿ.

ಮತ್ತೆ, ಒಂದು ಹೊಸ ಪದ. “ಬಾ” ಎಂಬುದು ನಿಮ್ಮ ಮನೆಯಲ್ಲಿ ಸವೆದುಹೋಗಿದ್ದರೆ ಅದನ್ನು ಬಿಟ್ಟುಬಿಡಿ. ದಿನನಿತ್ಯ ಮಾತಿನಲ್ಲಿ ಬಾರದ ಚಿಕ್ಕ ಪದ ಆರಿಸಿ, ಅಥವಾ ಸೀಟಿ ಕೊಳ್ಳಿ. ನನ್ನ ಒಲವು ಸೀಟಿಯ ಕಡೆಗೆ. ಅದು ದೂರಕ್ಕೆ ಕೇಳುತ್ತದೆ, ಯಾರು ಊದಿದರೂ ಹೆಚ್ಚುಕಡಿಮೆ ಒಂದೇ ದನಿ, ಅದರಲ್ಲಿ ನಿಮ್ಮ ಸಿಟ್ಟು ಕೇಳಿಸುವುದಿಲ್ಲ. ಯಾವುದನ್ನೇ ಆರಿಸಿ, ಮನೆಯ ಎಲ್ಲರೂ ಅದನ್ನೇ ಬಳಸಬೇಕು. ಅಪ್ಪ “ಕಮ್”, ಅಮ್ಮ “ಬಾರೋ”, ಮಕ್ಕಳು ಬರೀ ಹೆಸರು ಕರೆದರೆ ಆಗದು.

ಹಂತ 1: ಪದಕ್ಕೆ ಬೆಲೆ ತುಂಬುವುದು

ನಾಯಿ ನಿಮ್ಮ ಪಕ್ಕದಲ್ಲೇ ಇರುವಾಗ ಪದ ಹೇಳಿ, ಕೂಡಲೇ ಒಂದು ತುಣುಕು ಬಾಯಿಗಿಡಿ. ಅಷ್ಟೇ. ನಾಯಿ ಕೂರಬೇಕಿಲ್ಲ, ನಿಮ್ಮನ್ನು ನೋಡಬೇಕಿಲ್ಲ. ಒಂದು ಹೊತ್ತಿಗೆ ಹತ್ತು ಸಲ, ದಿನಕ್ಕೆ ಎರಡು ಮೂರು ಹೊತ್ತು, ನಾಲ್ಕೈದು ದಿನ. ಗಂಟೆಯ ಸದ್ದಿಗೆ ನಾಯಿಯ ಬಾಯಲ್ಲಿ ನೀರೂರುವ ಪಾವ್ಲೋವ್ ಪ್ರಯೋಗ ಶಾಲೆಯಲ್ಲಿ ಓದಿರುತ್ತೀರಿ. ಆ ತಂತ್ರವೇ ಇದು.

ಬೇಸರದ ಹಂತ ಎಂದು ಇದನ್ನು ಹಾರಿಸುವವರೇ ಹೆಚ್ಚು. ದಯವಿಟ್ಟು ಹಾರಿಸಬೇಡಿ. ಮಂಗಗಳ ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಸ್ರವಿಸುವ ನರಕೋಶಗಳನ್ನು ನರವಿಜ್ಞಾನಿ ವುಲ್ಫ್‌ರಾಮ್ ಶುಲ್ಟ್ಸ್ ಅಳೆದು ನೋಡಿದಾಗ ಕಂಡದ್ದು ಇದು: ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಾಗ ಆ ಕೋಶಗಳು ಚುರುಕಾಗುತ್ತಿದ್ದವು. ರಸಕ್ಕೆ ಮೊದಲು ಒಂದು ಸೂಚನೆ ಬರುತ್ತದೆಂದು ಮಂಗ ಕಲಿತ ಮೇಲೆ ಅದೇ ಚುರುಕು ರಸದಿಂದ ಸೂಚನೆಗೆ ಜಾರಿತು. ಸೂಚನೆ ಬಂದೂ ರಸ ಬಾರದಿದ್ದರೆ, ಬರಬೇಕಿದ್ದ ಹೊತ್ತಿಗೆ ಸರಿಯಾಗಿ ಚಟುವಟಿಕೆ ಕುಸಿಯುತ್ತಿತ್ತು. ನಿಮ್ಮ ಸೀಟಿಯೂ ಹಾಗೆಯೇ. ಊದಿದ್ದರ ಹಿಂದೆ ಪ್ರತಿ ಸಲವೂ ಒಳ್ಳೆಯದು ಬಂದರೆ ಸೀಟಿಯೇ ಸಿಹಿಯಾಗುತ್ತದೆ. ಬರೀ ಸದ್ದು ಮಾಡಿ ಏನೂ ಕೊಡದಿದ್ದರೆ ಪ್ರತಿ ಸಲವೂ ಅದರ ಬೆಲೆ ಒಂದಿಷ್ಟು ಇಳಿಯುತ್ತದೆ.

ಇಲ್ಲಿ ಆಗುವ ತಪ್ಪು: ಪದ ಹೇಳುವ ಮೊದಲೇ ಕೈ ಜೇಬಿಗೆ ಹೋಗುವುದು. ನಾಯಿಗೆ ಮಾತಿಗಿಂತ ಕೈ ಬೇಗ ಅರ್ಥವಾಗುತ್ತದೆ. ಆಮೇಲೆ ಪ್ಲಾಸ್ಟಿಕ್ ಚೀಲದ ಸರಬರ ಕೇಳಿದರೆ ಮಾತ್ರ ಬರುವ ನಾಯಿ ತಯಾರಾಗುತ್ತದೆ. ಮೊದಲು ಪದ, ಒಂದು ಉಸಿರಿನಷ್ಟು ಬಿಡುವು, ನಂತರ ಕೈ.

ಹಂತ 2: ಮನೆಯೊಳಗೆ, ನಾಲ್ಕು ಹೆಜ್ಜೆ ದೂರದಿಂದ

ನಾಯಿ ಸುಮ್ಮನೆ ಕೂತಿರುವಾಗ, ಟಿವಿ ಆರಿಸಿದ ಹಾಲ್‌ನಲ್ಲಿ, ಪದವನ್ನು ಒಮ್ಮೆ ಹೇಳಿ. ಒಂದೇ ಸಲ. ಅದು ತಲೆ ತಿರುಗಿಸಿದ ಕ್ಷಣಕ್ಕೆ “ಭೇಷ್” ಅನ್ನಿ, ಹತ್ತಿರ ಬಂದಾಗ ತಿಂಡಿ ಕೊಡಿ. ಈ “ಭೇಷ್”ಗೆ ತರಬೇತುದಾರರು ‘ಮಾರ್ಕರ್’ ಎನ್ನುತ್ತಾರೆ: ಈಗ ಮಾಡಿದೆಯಲ್ಲ, ಅದಕ್ಕೇ ತಿಂಡಿ ಎಂದು ಗುರುತು ಹಾಕುವ ಪದ. ಕ್ಲಿಕ್ಕರ್ ಎಂಬ ಟಕ್ ಎನ್ನುವ ಡಬ್ಬಿ ಮಾಡುವುದೂ ಇದೇ ಕೆಲಸವನ್ನು. ಅದರ ಅಗತ್ಯವೇನೆಂದರೆ, ಫಲ ತಡವಾದಷ್ಟೂ ಪಾಠ ಮಸುಕಾಗುತ್ತದೆ. ನೀವು ಡಬ್ಬಿ ತೆರೆದು ತುಣುಕು ತೆಗೆಯುವ ಹೊತ್ತಿಗೆ ನಾಯಿ ನಿಮ್ಮ ಮೊಣಕಾಲಿಗೆ ಜಿಗಿದಿದ್ದರೆ, ಅದಕ್ಕೆ ಸಂಬಳ ಸಿಕ್ಕಿದ್ದು ಜಿಗಿದದ್ದಕ್ಕೆ. ಮಾರ್ಕರ್ ಒಂದು ಸೆಕೆಂಡಿನೊಳಗೆ ಬರಲಿ, ತಿಂಡಿ ಎರಡು ಸೆಕೆಂಡು ತಡವಾದರೂ ನಡೆಯುತ್ತದೆ.

ತಿಂಡಿಯನ್ನು ನಿಮ್ಮ ಕಾಲ ಬಳಿಯೇ ಕೊಡಿ, ಕೈ ಮುಂದೆ ಚಾಚಬೇಡಿ. ಚಾಚಿದರೆ ಅದು ಮಾರು ದೂರದಲ್ಲಿ ನಿಂತು ಕತ್ತು ನೀಡಿ ತಿಂದು ಓಡುವುದನ್ನು ಕಲಿಯುತ್ತದೆ. ಕೊಡುವ ಮೊದಲು ಬೆಲ್ಟನ್ನು ಮೆಲ್ಲಗೆ ಹಿಡಿದು, ಹಿಡಿದಿರುವಾಗಲೇ ತಿನ್ನಿಸಿ, ಆಮೇಲೆ ಬಿಟ್ಟುಬಿಡಿ. “ಬರುತ್ತದೆ, ಆದರೆ ಹಿಡಿಯಲು ಕೈ ಚಾಚಿದರೆ ಜಾರಿಕೊಳ್ಳುತ್ತದೆ” ಎನ್ನುವವರ ಮನೆಯಲ್ಲಿ ತಪ್ಪಿರುವುದು ಈ ಒಂದು ಸಣ್ಣ ಅಭ್ಯಾಸ.

ಬರಲಿಲ್ಲವೇ? ಮತ್ತೆ ಕರೆಯಬೇಡಿ. “ಬಾ, ಬಾ, ಬಾರೋ, ಬಾ ಅಂದ್ನಲ್ಲ” ಎಂದು ಹತ್ತು ಸಲ ಕರೆದರೆ ಹನ್ನೊಂದನೆಯದಕ್ಕೆ ಬಂದರೆ ಸಾಕು ಎಂದು ಅದು ಕಲಿಯುತ್ತದೆ. ಮೆಲ್ಲಗೆ ಚಪ್ಪಾಳೆ ತಟ್ಟಿ, ಹಿಂದಕ್ಕೆ ಓಡಿ, ನೆಲಕ್ಕೆ ಕೂರಿ, ಹೇಗಾದರೂ ಬರುವಂತೆ ಮಾಡಿ, ಬಂದಾಗ ಕೊಡಿ. ಮುಂದಿನ ಸಲ ಇನ್ನೂ ಸುಲಭದ ಜಾಗದಿಂದ ಕರೆಯಿರಿ.

ಹಂತ 3: ಕಣ್ಮರೆಯಿಂದ

ಅಡುಗೆಮನೆಯಿಂದ, ಮಹಡಿಯಿಂದ, ಬಾಗಿಲ ಮರೆಯಿಂದ ಕರೆಯಿರಿ. ಇಬ್ಬರಿದ್ದರೆ ಎರಡು ಕೋಣೆಗಳಲ್ಲಿ ನಿಂತು ಸರದಿಯಂತೆ ಕರೆಯಿರಿ, ಮಕ್ಕಳಿರುವ ಮನೆಯಲ್ಲಿ ಇದು ಚೆಂದದ ಆಟ. ಹತ್ತರಲ್ಲಿ ಎಂಟು ಸಲ ಒಂದೇ ಕರೆಗೆ ಬಂದರೆ ಮುಂದಿನ ಹಂತ; ಐದಾರಕ್ಕೇ ನಿಂತರೆ ಇಲ್ಲಿಯೇ ಇರಿ.

ಹಂತ 4: ಹಗ್ಗ ಕಟ್ಟಿ ಹೊರಗೆ

ಕಷ್ಟ ಶುರುವಾಗುವುದು ಇಲ್ಲಿ. ನಾಯಿ ಕಲಿತ ವಿಷಯ ಕಲಿತ ಜಾಗಕ್ಕೆ ಅಂಟಿಕೊಂಡಿರುತ್ತದೆ. ಹಾಲ್‌ನಲ್ಲಿ ಕಲಿತ ಪದ ಹಿತ್ತಲಿನಲ್ಲಿ ಅರ್ಧ ಹೊಸದು, ಬೀದಿಯಲ್ಲಿ ಪೂರ್ತಿ ಹೊಸದು. ಹಾಗಾಗಿ ಹೊರಗೆ ಬಂದಾಗ ಮತ್ತೆ ನಾಲ್ಕು ಹೆಜ್ಜೆಯಿಂದಲೇ ಆರಂಭಿಸಿ. ಮೊದಲು ಹಿತ್ತಲು ಅಥವಾ ಅಪಾರ್ಟ್‌ಮೆಂಟಿನ ಖಾಲಿ ಪಾರ್ಕಿಂಗ್, ನಂತರ ಬೆಳಗಿನ ಜಾವದ ಮೈದಾನ, ನಂತರ ದೂರದಲ್ಲಿ ಜನ ಕಾಣುವ ಜಾಗ, ಕೊನೆಗೆ ಇನ್ನೊಂದು ನಾಯಿ ಕಾಣುವ ಜಾಗ. ಒಂದು ಸಲಕ್ಕೆ ಒಂದನ್ನೇ ಏರಿಸಿ: ದೂರ ಹೆಚ್ಚಿಸಿದ ದಿನ ಗದ್ದಲ ಕಡಿಮೆ ಇರಲಿ, ಗದ್ದಲ ಹೆಚ್ಚಿರುವ ದಿನ ದೂರ ಕಡಿಮೆ ಇರಲಿ. ಸತತ ಎರಡು ಸಲ ಸೋತರೆ ಒಂದು ಮೆಟ್ಟಿಲು ಕೆಳಗಿಳಿಯಿರಿ.

ಹಗ್ಗವಿರುವುದು ಎಳೆಯುವುದಕ್ಕಲ್ಲ. ನಿಮ್ಮ ಕರೆಯನ್ನು ಬಿಟ್ಟು ಓಡಿದಾಗ ಅದಕ್ಕೆ ಬೆನ್ನಟ್ಟುವ ಮಜಾ ಸಿಗದಂತೆ ತಡೆಯುವುದಕ್ಕೆ. ಯಾಕೆಂದರೆ ಓಡಿದ್ದಕ್ಕೆ ಒಮ್ಮೆ ಆ ಮಜಾ ಸಿಕ್ಕರೆ ಅದೂ ಪುನರ್ಬಲನವೇ, ನಿಮ್ಮ ಕೋಳಿ ತುಣುಕಿಗಿಂತ ದೊಡ್ಡದು.

ನಮ್ಮ ಊರುಗಳಲ್ಲಿ ಇನ್ನೊಂದು ತೊಡಕಿದೆ. ನೆಲಕ್ಕೆ ತಿಂಡಿ ಚೆಲ್ಲಿದರೆ ಬೀದಿನಾಯಿಗಳು ಬರುತ್ತವೆ, ಜಗಳವಾಗುತ್ತದೆ. ಕೈಯಿಂದಲೇ ಕೊಡಿ. ಅವು ಹತ್ತಿರ ಬಂದರೆ ಪಾಠ ನಿಲ್ಲಿಸಿ ಮೆಲ್ಲಗೆ ಹೊರಡಿ. ರೇಬೀಸ್ ಲಸಿಕೆ ಆಗದ ನಾಯಿಯನ್ನು ಈ ಹಂತಕ್ಕೆ ತರಲೇಬೇಡಿ.

ಹಂತ 5: ತಿಂಡಿಯ ಜೊತೆಗೆ ಬಿಡುಗಡೆಯೂ ಬಹುಮಾನ

ಅನ್ನ ಮುಗಿಸಿದರೆ ಹೋಳಿಗೆ ಎಂದು ಅಜ್ಜಿಯಂದಿರು ಹೇಳುತ್ತಿದ್ದರಲ್ಲ, ಅದಕ್ಕೆ ಮನೋವಿಜ್ಞಾನದಲ್ಲಿ ‘ಪ್ರೀಮ್ಯಾಕ್ ತತ್ವ’ ಎನ್ನುತ್ತಾರೆ. ಹೆಚ್ಚು ಇಷ್ಟಪಟ್ಟು ಮಾಡುವ ಕೆಲಸವನ್ನು, ಕಡಿಮೆ ಇಷ್ಟದ ಕೆಲಸಕ್ಕೆ ಬಹುಮಾನವಾಗಿಡುವುದು. ನಾಯಿ ಬೇಲಿ ಮೂಸುತ್ತಿದೆ. ಕರೆಯಿರಿ, ಬಂದರೆ ತಿಂಡಿ ಕೊಟ್ಟು “ಹೋಗು” ಎಂದು ಮತ್ತೆ ಅದೇ ಬೇಲಿಗೆ ಬಿಡಿ. ಹೊರಗಿನ ಹತ್ತು ಕರೆಗಳಲ್ಲಿ ಒಂಬತ್ತು ಹೀಗೆ ಬಿಡುಗಡೆಯಲ್ಲಿ ಮುಗಿಯಬೇಕು, ಒಂದು ಮಾತ್ರ ಚೈನ್ ಹಾಕಿ ಮನೆಗೆ ಹೋಗುವುದರಲ್ಲಿ. ಇಡೀ ಲೇಖನದಲ್ಲಿ ಒಂದನ್ನೇ ಪಾಲಿಸುತ್ತೇನೆ ಎನ್ನುವವರು ಇದನ್ನು ಪಾಲಿಸಿ. ಬಂದರೆ ಆಟ ಮುಗಿಯಿತು ಎಂಬ ಹಳೆಯ ಲೆಕ್ಕ ಅಳಿಸುವುದು ಇದರಿಂದಲೇ.

ಹಂತ 6: ತಿಂಡಿ ಕಡಿಮೆ ಮಾಡುವುದು, ಮತ್ತು ಮಾಡಬಾರದ್ದು

“ಜೀವನಪೂರ್ತಿ ಕೋಳಿ ಹಿಡಿದುಕೊಂಡೇ ತಿರುಗಬೇಕಾ?” ಇದು ಎರಡನೇ ಸ್ಥಾನದ ಪ್ರಶ್ನೆ.

ಸ್ಕಿನ್ನರ್ ತಮ್ಮ ಇಲಿಗಳಿಗೆ ಕೊಡುವ ಆಹಾರದ ಗುಳಿಗೆಗಳನ್ನು ಕೈಯಿಂದಲೇ ತಯಾರಿಸಬೇಕಿದ್ದ ಕಾಲದಲ್ಲಿ, ದಾಸ್ತಾನು ಮುಗಿಯುತ್ತಾ ಬಂದಾಗ, ಇಲಿ ಪೆಟ್ಟಿಗೆಯೊಳಗಿನ ಹಿಡಿಕೆಯನ್ನು ಒತ್ತಿದಾಗಲೆಲ್ಲ ಕೊಡುವ ಬದಲು ನಿಮಿಷಕ್ಕೊಂದರಂತೆ ಕೊಟ್ಟು ನೋಡಿದರು. ಇಲಿಗಳು ಹಿಡಿಕೆ ಒತ್ತುವುದನ್ನು ಬಿಡಲಿಲ್ಲ. ಆಮೇಲಿನ ಪ್ರಯೋಗಗಳಲ್ಲಿ ತಿಳಿದದ್ದು: ಪ್ರತಿ ಸಲವೂ ಫಲ ಸಿಕ್ಕು ಬೆಳೆದ ನಡೆ ಫಲ ನಿಂತಾಗ ಬೇಗ ಅಳಿಯುತ್ತದೆ, ಆಗೊಮ್ಮೆ ಈಗೊಮ್ಮೆ ಸಿಕ್ಕು ಬೆಳೆದದ್ದು ಬಹಳ ಕಾಲ ಹಿಡಿದು ನಿಲ್ಲುತ್ತದೆ. ಯಾವ ಸಲ ಸಿಗುತ್ತದೋ ಗೊತ್ತಿಲ್ಲದಿದ್ದರಂತೂ ಇನ್ನೂ ಗಟ್ಟಿ. ಇದಕ್ಕೆ ‘ಆಂಶಿಕ ಪುನರ್ಬಲನ’ ಎನ್ನುತ್ತಾರೆ.

ಹಾಗೆಂದು ನಾಳೆಯಿಂದಲೇ ತಿಂಡಿ ನಿಲ್ಲಿಸಬೇಡಿ. ಹೊಸ ನಡೆ ಕಲಿಯುವಾಗ ಪ್ರತಿ ಸಲವೂ ಕೊಡಬೇಕು. ಹೊರಗಿನ ಗದ್ದಲದಲ್ಲೂ ಒಂದೆರಡು ತಿಂಗಳು ಸರಿಯಾಗಿ ಬಂದ ಮೇಲೆ ಮನೆಯೊಳಗಿನ ಸುಲಭದ ಕರೆಗಳಿಗೆ ಕಡಿಮೆ ಮಾಡಿ. ಹೊರಗಿನ ಕರೆಗೆ, ನನ್ನ ಅಭಿಪ್ರಾಯ ಕೇಳಿದರೆ, ಏನಾದರೊಂದು ಫಲ ಯಾವಾಗಲೂ ಇರಲಿ. ಏನು, ಎಷ್ಟು ಎಂಬುದನ್ನು ಮಾತ್ರ ಬದಲಾಯಿಸಿ. ಒಮ್ಮೆ ಒಂದು ತುಣುಕು, ಒಮ್ಮೆ ಚೆಂಡು, ಒಮ್ಮೆ ಬರೀ “ಹೋಗು” ಎಂಬ ಬಿಡುಗಡೆ. ಇನ್ನೊಂದು ನಾಯಿಯನ್ನು ಬಿಟ್ಟು ಓಡಿ ಬಂದ ದಿನ ಒಂದರ ಹಿಂದೊಂದರಂತೆ ಎಂಟು ತುಣುಕು. ಪ್ರಾಣ ಉಳಿಸುವ ನಡೆಗೆ ಕೂಲಿ ಉಳಿಸಬೇಡಿ.

ಇದೇ ನಿಯಮ ನಿಮ್ಮ ವಿರುದ್ಧವೂ ಕೆಲಸ ಮಾಡುತ್ತದೆ, ಇದನ್ನು ಸ್ವಲ್ಪ ನಿಂತು ಓದಿ. ಊಟದ ಹೊತ್ತಿಗೆ ನಾಯಿ ತಟ್ಟೆಯ ಮುಂದೆ ಕುಯ್‌ಗುಡುತ್ತದೆ. ನೀವು ಗಟ್ಟಿಯಾಗಿ ಆರು ದಿನ ಕೊಡುವುದಿಲ್ಲ. ಏಳನೇ ದಿನ ಅಜ್ಜಿಗೆ ಪಾಪ ಅನ್ನಿಸಿ ಒಂದು ಚೂರು ದೋಸೆ ಹಾಕುತ್ತಾರೆ. ಆಂಶಿಕ ಪುನರ್ಬಲನ ಎಂದರೆ ಇದೇ, ಕುಯ್‌ಗುಡುವುದು ಮೊದಲಿಗಿಂತ ಗಟ್ಟಿಯಾಯಿತು. ಇದನ್ನು ಅಳಿಸಬೇಕಾದರೆ ಎಲ್ಲರೂ, ಎಲ್ಲ ದಿನವೂ ನಿಲ್ಲಿಸಬೇಕು. ನಿಲ್ಲಿಸಿದ ಮೊದಲ ಕೆಲವು ದಿನ ಕುಯ್‌ಗುಡುವುದು ಕಡಿಮೆಯಾಗುವ ಬದಲು ಜೋರಾಗಬಹುದು, ಬೊಗಳಿಕೆಯಾಗಬಹುದು, ಕಾಲಲ್ಲಿ ಕೆರೆಯಬಹುದು. ಅಳಿಯುವ ಮುನ್ನ ಭುಗಿಲೇಳುವ ಈ ಹಂತ ಮೊದಲೇ ಗೊತ್ತಿರಲಿ. ಇಲ್ಲಿ ಸೋತು ಕೊಟ್ಟುಬಿಟ್ಟರೆ, ಇನ್ನೂ ಜೋರಾಗಿ ಬೊಗಳಬೇಕು ಎಂದು ಕಲಿಸಿದಂತೆ. ಅಜ್ಜಿಗೆ ಕೊಡಬೇಡಿ ಎನ್ನುವುದು ಸುಲಭವಲ್ಲ, ಅವರ ಪ್ರೀತಿಗೂ ದಾರಿ ಬೇಕು. ಊಟವಾದ ಮೇಲೆ, ನಾಯಿ ತನ್ನ ಜಾಗದಲ್ಲಿ ಮಲಗಿರುವಾಗ, ಅಲ್ಲಿಗೇ ಹೋಗಿ ಕೊಡಲು ಹೇಳಿ. ಕೊಡುವ ಕೈ ಅದೇ, ಕೂಲಿ ಸಿಗುವ ನಡೆ ಬೇರೆ.

ಹೊಡೆದರೆ ಏನಾಗುತ್ತದೆ

ಅರ್ಧ ಗಂಟೆ ಊರೆಲ್ಲ ಸುತ್ತಿಸಿ ಕೊನೆಗೆ ಬಂದ ನಾಯಿಗೆ ಎರಡು ಬಾರಿಸುವಷ್ಟು ಸಿಟ್ಟು ಬರುವುದು ಸಹಜ. ನನಗೂ ಬಂದಿದೆ. ಆದರೆ ಏಟಿಗೆ ತಕ್ಷಣ ಮೊದಲು ಅದು ಮಾಡಿದ್ದೇನು? ನಿಮ್ಮ ಬಳಿಗೆ ಬಂದದ್ದು. ಏಟು ಅಂಟಿಕೊಳ್ಳುವುದು ಅದಕ್ಕೇ. ಓಡಿಹೋದದ್ದು ಅರ್ಧ ಗಂಟೆ ಹಿಂದಿನ ಮಾತು, ಆ ಲೆಕ್ಕ ನಿಮ್ಮ ತಲೆಯಲ್ಲಿ ಮಾತ್ರ ಇದೆ. ತಡವಾಗಿ ಬಂದರೂ, ಕೆಸರಾಗಿ ಬಂದರೂ, ಬಂದದ್ದಕ್ಕೆ ಕೊಡಿ. ಸ್ನಾನಕ್ಕೆ, ಔಷಧಿಗೆ, ಉಗುರು ಕತ್ತರಿಸಲು ಈ ಪದ ಬಳಸಬೇಡಿ, ನೀವೇ ಎದ್ದು ಹೋಗಿ ಕರೆತನ್ನಿ.

ಎಲ್ಲ ನಾಯಿಗೂ ಒಂದೇ ಅಳತೆಯಲ್ಲ

ಸ್ಕಿನ್ನರ್ ಅವರ ಬಳಿ ಕಲಿತ ಕೆಲ್ಲರ್ ಮತ್ತು ಮೇರಿಯನ್ ಬ್ರೆಲ್ಯಾಂಡ್ ದಂಪತಿ ಹತ್ತಾರು ಬಗೆಯ ಪ್ರಾಣಿಗಳಿಗೆ ತರಬೇತಿ ಕೊಟ್ಟು, ಎಲ್ಲಿ ಸೋತೆವು ಎಂಬುದನ್ನು 1961ರಲ್ಲಿ ಪ್ರಾಮಾಣಿಕವಾಗಿ ಬರೆದರು. ಮರದ ನಾಣ್ಯವನ್ನು ಒಯ್ದು ಡಬ್ಬಿಗೆ ಹಾಕಲು ಕಲಿತ ಹಂದಿಗಳು ದಿನ ಕಳೆದಂತೆ ಅದನ್ನು ಕೆಡವಿ, ಮಣ್ಣು ಕೆದಕುವಂತೆ ಮೂತಿಯಿಂದ ಉರುಳಿಸತೊಡಗಿದವು, ಹಸಿವಿದ್ದರೂ. ಬಹುಮಾನಕ್ಕೂ ಮಿತಿಯಿದೆ, ರಕ್ತದಲ್ಲಿ ಬಂದದ್ದು ನಡುವೆ ಬರುತ್ತದೆ.

ಮುಧೋಳ ನಾಯಿಯ ವಿಷಯದಲ್ಲಿ ಇದು ನೆನಪಿರಲಿ. ಕಣ್ಣಿನಿಂದ ಗುರುತಿಸಿ ಬೆನ್ನಟ್ಟಿ ಹಿಡಿಯುವ ಬೇಟೆಗಾಗಿ ಬೆಳೆಸಿದ ತಳಿ ಅದು. ಮೊಲವೋ ಬೆಕ್ಕೋ ಓಡಿದಾಗ ಬೆನ್ನಟ್ಟುವುದೇ ಅದಕ್ಕೆ ಬಹುಮಾನ, ನೀವು ಹಿಡಿದ ಯಾವ ತಿಂಡಿಯೂ ಅದರ ಮುಂದೆ ನಿಲ್ಲದು. ಹಾಗಾಗಿ ಓಡುವುದನ್ನೇ ಕೂಲಿಯಾಗಿಸಿ: ಉದ್ದ ಹಗ್ಗದ ತುದಿಗೆ ಬಟ್ಟೆಯ ಗಂಟು ಕಟ್ಟಿ, ಕರೆದಾಗ ಬಂದರೆ ಅದನ್ನು ನೆಲದ ಮೇಲೆ ಸರ್ರನೆ ಎಳೆದು ಬೆನ್ನಟ್ಟಿಸಿ. ಆದರೂ ಬೇಲಿಯಿಲ್ಲದ ಬಯಲಿನಲ್ಲಿ ಹಗ್ಗ ಬಿಚ್ಚುವುದನ್ನು ನಾನು ಯಾರಿಗೂ ಹೇಳುವುದಿಲ್ಲ.

ಬೀದಿಯಿಂದ ಬಂದ ನಾಯಿ ಹೊರಗೆ ತಿಂಡಿಯನ್ನೇ ಮುಟ್ಟದಿದ್ದರೆ ಅದು ಸೊಕ್ಕಲ್ಲ, ಭಯ. ಹೆದರಿದ ನಾಯಿಗೆ ಹಸಿವು ತಿಳಿಯುವುದಿಲ್ಲ. ಅದು ತಿನ್ನುವಷ್ಟು ನೆಮ್ಮದಿಯ ಜಾಗಕ್ಕೆ ಹಿಂದೆ ಸರಿದು ಅಲ್ಲಿಂದ ಪಾಠ ಶುರುಮಾಡಿ, ವಾರಗಳು ಹಿಡಿದರೂ ಸರಿ. ಇಷ್ಟು ದಿನ ಚೆನ್ನಾಗಿ ಬರುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಕೇಳಿಸಿಕೊಳ್ಳದಿದ್ದರೆ ಮೊದಲು ಕಿವಿ ತೋರಿಸಿ. ಕಿವಿಯ ಸೋಂಕು, ಕೀಲುನೋವು, ವಯಸ್ಸಿನ ಕಿವುಡು ಯಾವುದೂ ಆಗಿರಬಹುದು.

ಹಂತ 7: ಹಗ್ಗ ಬಿಚ್ಚುವುದು ಯಾವಾಗ

ಬೇರೆಬೇರೆ ನಾಲ್ಕು ಜಾಗಗಳಲ್ಲಿ, ಹಗ್ಗ ನೆಲದ ಮೇಲೆ ಸಡಿಲವಾಗಿ ಎಳೆದಾಡುತ್ತಿರುವಾಗ, ಹತ್ತರಲ್ಲಿ ಒಂಬತ್ತು ಸಲ ಒಂದೇ ಕರೆಗೆ ಬಂದರೆ, ಗೋಡೆ ಅಥವಾ ಬೇಲಿಯಿರುವ ಜಾಗದಲ್ಲಿ ಬಿಚ್ಚಿ ನೋಡಿ. ರಸ್ತೆಯ ಬದಿಯಲ್ಲಿ, ಕೆರೆ ಏರಿಯ ಮೇಲೆ, ರೈಲು ಹಳಿ ಇರುವ ಕಡೆ ಎಷ್ಟೇ ಕಲಿತಿದ್ದರೂ ಬೇಡ. ಬಿಚ್ಚಿದ ಮೊದಲ ವಾರ ಅತಿ ಪ್ರೀತಿಯ ತಿಂಡಿಗೆ ಹಿಂತಿರುಗಿ. ಮರಿ ಆರು ತಿಂಗಳು ದಾಟಿ ಹರೆಯಕ್ಕೆ ಬರುವಾಗ ಕಲಿತದ್ದನ್ನೆಲ್ಲ ಮರೆತಂತೆ ಆಡುತ್ತದೆ. ಆಗ ಬೇಸರಪಡದೆ ಮತ್ತೆ ಹಗ್ಗ ಕಟ್ಟಿ, ಹಂತ 4ರಿಂದ ಶುರುಮಾಡಿ.